ಸೀಮೆಹಸುವಿನ ಬೆನ್ನ ಮೇಲಿನ ಗೋಣಿಚೀಲ

ಇವತ್ತು ಅರಸೀಕೆರೆಯ ಟೀ ಅಂಗಡಿಯೊಂದರಲ್ಲಿ ನೀರಿನ ಮಡಕೆಗೆ ಸುತ್ತಿದ್ದ ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನ ಕೊಟ್ಟಿಗೆ ನೆನಪಾಯಿತು.

ಗಂಡಸಿ ಊರಿನ ನಮ್ಮ ಮನೆಯ ಸೀಮೆಹಸು ಬೇಸಿಗೆಯಲ್ಲಿ ತಗಡಿನ ಕೊಟ್ಟಿಗೆಯೊಳಗೆ ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ಅದಕ್ಕೆ ತಂಪಾಗಲೆಂದು ಅಪ್ಪ ಗೋಣಿಚೀಲ ನೆನೆಸಿ ಬೆನ್ನಿಗೆ ಹೊದಿಸುತ್ತಿದ್ದರು. ಬಾವಿ ನೀರು ದಂಡವೆಂದು ನೆನೆಸುತ್ತಿದ್ದುದು ಕಲಗಚ್ಚಿನ ಬಾನಿಯಲ್ಲಿ! ಅನ್ನದ ಗಂಜಿ, ಮುದ್ದೆ ಪಾತ್ರೆ ತೊಳೆದ ನೀರು ಎಲ್ಲ ಸೇರಿ ಹಳಸಿ ನಾರುತ್ತಿದ್ದ ಬಾನಿ ಅದು. ಲೋಳೆಗಟ್ಟಿದ ಚೀಲಕ್ಕೆ ನೊಣ ಮುತ್ತುತ್ತಿದ್ದವು. ಹಾಲು ಕರೆಯುವಾಗ ಆ ಗಲೀಜು ಹಸುವಿನ ಹೊಟ್ಟೆಗುಂಟ ಇಳಿದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಥೂ! ಹಾಲಿಗೆ ಬೀಳ್ತೈತೆ ಕಣ್ರೀ," ಎಂದು ಅಮ್ಮ ಒಂದು ದಿನ ಕಿರುಚಿದಳು.

"ಸೋಸಿದ್ರಾಯ್ತು ಬಿಡೇ. ಹಸ ತಣ್ಣಗಿದ್ರೆ ಸಾಕು," ಎಂದ ಅಪ್ಪ, ಕತ್ತಿನ ಬೆವರು ಒರೆಸಿಕೊಂಡ ಟವೆಲ್ಲಿನಲ್ಲೇ ಹಾಲು ಸೋಸಿದರು.

ಸಂಜೆ ಜಾವಗಲ್ಲಿನಿಂದ ಬಂದ ನೆಂಟರು ಅದೇ ಹಾಲಿನ ಕಾಫಿ ಕುಡಿದು, "ಮನೆ ಹಾಲಿನ ರುಚಿನೇ ಬ್ಯಾರೆ ಕಣ್ರೀ!" ಎಂದು ಚಪ್ಪರಿಸಿದರು. ಅಪ್ಪನ ಲೋಟದಲ್ಲಿ ಮಾತ್ರ ಕಪ್ಪು ಕಾಫಿ.

"ನಂಗೆ ಹಾಲು ಆಗಕಿಲ್ಲ," ಎಂದರು. ಗೋಣಿಚೀಲ ಹೊದಿಸದ ಮಳೆಗಾಲದಲ್ಲಿ ಅವರಿಗೆ ಹಾಲು ಚೆನ್ನಾಗಿಯೇ ಆಗುತ್ತಿತ್ತು.

ಇವತ್ತು ಟೀ ಅಂಗಡಿಯವನು ನನ್ನ ಟೀಗೆಂದು ಹಾಲಿಗೆ ಸೌಟು ಅದ್ದಿದ.

"ನಂಗೆ ಹಾಲು ಆಗಲ್ಲ," ಎಂದೆ.