ದಡಿಯ ಕೆಂಪು

ಹಾಲು ಉಕ್ಕದಂತೆ ಒಲೆ ಸಣ್ಣ ಮಾಡಿ, ಜೋಳದ ಹಿಟ್ಟಿಗೆ ಕುದಿನೀರು ಹಾಕುತ್ತಿದ್ದೆ. ಮಸೀದಿಯ ಮೈಕಿನಲ್ಲಿ ಸ್ಟುಡಿಯೊ ಚಾಚಾ ತೀರಿಕೊಂಡ ಸುದ್ದಿ ಬಂತು. ಮೊದಲು ನೆನಪಾದದ್ದು ಅವರ ಎಡಗಣ್ಣು. ನಲವತ್ತು ವರ್ಷ ಅದನ್ನು ಮುಚ್ಚಿ, ಬಲಗಣ್ಣಿನಿಂದ ಕ್ಯಾಮೆರಾದೊಳಗೆ ನೋಡಿದ ಮನುಷ್ಯ. ಸುಕ್ಕುಗಳೆಲ್ಲ ಆ ಎಡಗಣ್ಣಿನ ಸುತ್ತಲೇ ಕೂತಿದ್ದವು.

ಇಳಕಲ್ಲಿನ ನಮ್ಮ ಓಣಿಯ ತುದಿಗೇ ಅವರ ಸ್ಟುಡಿಯೊ. ಮದುಮಗಳನ್ನು ನಿಲ್ಲಿಸಿದರೆ ಮುಖಕ್ಕಿಂತ ಮೊದಲು ಸೆರಗು ಸರಿಮಾಡಿಸುವರು. "ಮಾರಿ ಏನು, ದೇವರು ಕೊಟ್ಟಿದ್ದು. ಸೆರಗು ಯಾರೋ ಮಗ್ಗದಾಗ ಕುಂತು ನೇದಿದ್ದು. ಅವರ ಮರ್ಯಾದಿ ಉಳಿಸಬೇಕು" ಎನ್ನುವರು.

ಮದುವೆಯವರೆಲ್ಲ ಫೋಟೊ ಜೊತೆಗೆ ವಿಡಿಯೊ ಕೇಳತೊಡಗಿದಾಗ ಚಾಚಾ ಮಿರರ್‌ಲೆಸ್ ಎಂಬ ಹೊಸ ನಮೂನೆಯ ಕ್ಯಾಮೆರಾ ಕೊಳ್ಳಲೇಬೇಕಾಯಿತು. ಹುಬ್ಬಳ್ಳಿಯ ಅಂಗಡಿಯವರು ಎರಡು ಕಂಪನಿಗಳದ್ದನ್ನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದರು. ಮೊದಲನೆಯದಕ್ಕೆ, ನಡುವೆ ಒಂದು ಉಂಗುರ ಹಾಕಿದರೆ, ಅವರ ಹಳೆಯ ಲೆನ್ಸುಗಳೇ ಕೂಡುತ್ತಿದ್ದವು. ಎರಡನೆಯದಾದರೆ ಲೆನ್ಸೆಲ್ಲ ಹೊಸದಾಗಿ ಕೊಳ್ಳಬೇಕು. ಆದರೆ ವಿಡಿಯೊ ಎಷ್ಟು ಹೊತ್ತಾದರೂ ನಿಲ್ಲದು.

"ಒಮ್ಮೆ ಒಂದ್ ಕಂಪನಿ ಹಿಡದ್ರ ಮುಗೀತು ಬೇಟಿ, ಮದವಿ ಆದಂಗ. ನೀ ಕಾನ್ವೆಂಟಿನಾಗ ಕಲ್ತಾಕಿ. ಇಂಗ್ಲಿಷಿನಾಗ ಏನ್ ಬರದಾರ, ಓದಿ ಹೇಳು" ಎಂದರು.

ಇವತ್ತು ಯಾವ ಪಲ್ಯ ಎಂಬುದರ ಹೊರತು ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಫೋನಿನಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಇಳಕಲ್ ಸೀರೆ ಉಟ್ಟು ಎರಡೂ ಕ್ಯಾಮೆರಾದ ಮುಂದೆ ನಿಂತೆ. ಎರಡನೆಯದರಲ್ಲಿ ಸೀರೆಯಂಚಿನ ಕೆಂಪು ದಡಿ ಗುಲಾಬಿಗೆ ತಿರುಗಿತ್ತು. ಮೊದಲನೆಯದರಲ್ಲಿ ನಮ್ಮೂರ ಕೆಂಪು ಇದ್ದ ಹಾಗೇ ಇತ್ತು. "ಇದನ್ನ ತಗೋರಿ ಚಾಚಾ" ಅಂದೆ. ಬಿಸಿಲಲ್ಲಿ ಬಹಳ ಹೊತ್ತು ವಿಡಿಯೊ ತೆಗೆದರೆ ಅದು ಕಾದು ತಾನೇ ಬಂದ್ ಆಗುತ್ತದೆ ಎಂಬ ಸಾಲನ್ನೂ ಓದಿದ್ದೆ. ಹೇಳಲಿಲ್ಲ. ನಾನು ಆರಿಸಿದ್ದಕ್ಕೆ ಹುಳುಕು ಅಂಟುವುದು ನನಗೆ ಬೇಡವಾಗಿತ್ತು.

ಆ ಬೇಸಿಗೆ ಅಮೀನಗಡದಲ್ಲೊಂದು ಮದುವೆ. ಬಯಲಿನಲ್ಲಿ ಪೆಂಡಾಲು, ನಡುಮಧ್ಯಾಹ್ನದ ಮುಹೂರ್ತ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಕಾದು ನಿಂತುಬಿಟ್ಟಿತು. ಮದುಮಗಳ ಅಪ್ಪ ಎಲ್ಲರೆದುರು ಕೇಳಿದನಂತೆ: "ಏನ್ ಮಾಡೂಣ್ರಿ ಚಾಚಾ, ನಿಮ್ಮ ಡಬ್ಬಿ ತಣ್ಣಗಾದ ಮ್ಯಾಲೆ ಇನ್ನೊಮ್ಮೆ ತಾಳಿ ಕಟ್ಟಸೂಣೇನು?" ಆ ಮಾತು ಹುನಗುಂದ, ಬಾದಾಮಿವರೆಗೂ ನಗುತ್ತ ಹೋಯಿತು. ಮದುವೆಗೆ ಕರೆಯುವವರೇ ಇಲ್ಲವಾದರು. ಸೆರಗಿನ ಮರ್ಯಾದೆ ಕಾಯ್ದವರು ಕಡೆಗೆ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತ ಕೂತರು.

ಒಮ್ಮೆ ಕೇಳಿದರು. "ಅವತ್ತು ನೀ ಓದಿದ್ದರಾಗ ಬಿಸಲಿಂದು ಏನರ ಬರದಿದ್ರೇನು ಬೇಟಿ?"

"ಇಲ್ಲ ಚಾಚಾ."

ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಆದರೂ ಎಡಗಣ್ಣು ಮುಚ್ಚಿ ನನ್ನನ್ನು ತುಸು ಹೊತ್ತು ನೋಡಿದರು. "ಬರದಿರಲಿಕ್ಕಿಲ್ಲ ಬಿಡು. ಅವರಿಗೇನ್ ಗೊತ್ತು ನಮ್ಮೂರ ಬಿಸಲು" ಎಂದು ಚಹಾ ತರಿಸಿದರು. ಆಮೇಲೆ ಆ ಮಾತು ಎತ್ತಲಿಲ್ಲ. ಯಾರ ಮುಂದೆಯೂ ನನ್ನ ಹೆಸರು ಹೇಳಲಿಲ್ಲ.

ಚಾಚಾ ತೀರಿಕೊಂಡ ಆ ಸಂಜೆ ಅವರ ಮನೆಯಿಂದ ಬಂದು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಶೇಂಗಾ ಸುಲಿಯುತ್ತಿದ್ದ ಪಕ್ಕದ ಮನೆಯಾಕೆ ತಲೆಯೆತ್ತದೆ ಅಂದಳು: "ಭಾಳ ಚಲೋ ಇದ್ರು ಪಾಪ. ಆದ್ರ ಆ ಕ್ಯಾಮೆರಾ ತಗೊಳ್ಳೂ ಮುಂದ ನಿಮ್ಮಂಥಾ ಓದಿದವರನ್ನ ಒಂದ್ ಮಾತ ಕೇಳಬೇಕಿತ್ತು ನೋಡ್ರಿ."