ರುದ್ರಪ್ಪ ಮಿಸ್ತ್ರಿಯ ಕಿವಿ

ರುದ್ರಪ್ಪ ಮಿಸ್ತ್ರಿ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಅದರ ಮರದ ಹಿಡಿಯನ್ನು ಬಾಯಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಬೇರೆ ಮಿಸ್ತ್ರಿಗಳು ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನು ನೋಡಿದ್ದೆ. ಕಚ್ಚುವವರೆಂದರೆ ಇವರೊಬ್ಬರೇ. ಹೊಸ ಗಿರಾಕಿಗಳು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಮಿಸ್ತ್ರಿ ಹಿಡಿಯನ್ನು ಬಾಯಿಂದ ತೆಗೆದು ಅಂಗಿಯ ತೋಳಿಗೆ ಒರೆಸಿ, "ವಾಲ್ವ್ ಢೀಲಾ ಆಗೈತಿ" ಎಂದ ಮೇಲೆ ನಗು ನಿಲ್ಲುತ್ತಿತ್ತು.

ಗದಗಿನ ಕಡೆಯವರು. ಬೈಕುಲ್ಲಾದ ಸೇತುವೆಯ ಕೆಳಗಿನ ಗಲ್ಲಿಯಲ್ಲಿ ಅವರ ಗ್ಯಾರೇಜು. ಗ್ಯಾರೇಜು ಎಂದರೆ ತಗಡಿನ ಮಾಡು, ನೆಲದಲ್ಲೊಂದು ಗುಂಡಿ, ಎಂಜಿನ್ ಎತ್ತುವ ಸರಪಳಿ. ಹಿಂದಿನ ಮೂಲೆಯಲ್ಲಿ ಅವರ ಹಾಸಿಗೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಹುಬ್ಬಳ್ಳಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ನಾನು ಆಗ ಅಂಧೇರಿಯ ಉಡುಪಿ ಹೊಟೇಲೊಂದರ ಪಿಕಪ್ ಓಡಿಸುತ್ತಿದ್ದೆ. ಬೆಳಿಗ್ಗೆ ಬೈಕುಲ್ಲಾ ಮಾರ್ಕೆಟ್ಟಿಗೆ ಬಂದು ತರಕಾರಿ, ತೆಂಗಿನಕಾಯಿ, ಬಾಳೆಎಲೆ ತುಂಬಿಕೊಂಡು ಹೋಗುವುದು ನನ್ನ ಕೆಲಸ. ಉಡುಪಿ ಹೊಟೇಲಿನವರೆಲ್ಲ ಮಿಸ್ತ್ರಿಗೆ ಶೆಟ್ಟರೇ. ನಾನು ಶೆಟ್ಟಿಯಲ್ಲ ಎಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ಶೆಟ್ಟಿಯಾಗಿಯೇ ಉಳಿದೆ. ನಾನು ಹೇಳಿದ್ದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಎರಡು ಕಿವಿಯೂ ಮಂದವಾಗಿದ್ದವು. ಅದನ್ನು ಮುಚ್ಚಿಡುವುದರಲ್ಲಿ ಅವರು ಎಂಜಿನ್ ಬಿಚ್ಚುವುದಕ್ಕಿಂತಲೂ ಪಳಗಿದ್ದರು. ಯಾರು ಏನೇ ಕೇಳಲಿ, "ನೋಡೂಣು, ಸಂಜಿ ಮುಂದ ಬರ್ರಿ" ಎನ್ನುವರು. ಗ್ಯಾರೇಜಿನಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಅದು ಸರಿಯಾದ ಉತ್ತರವೇ. ಆದರೆ ಒಮ್ಮೆ ಅವರ ಊರಿನ ಕಡೆಯ ಟ್ಯಾಕ್ಸಿಯವನೊಬ್ಬ ಬಂದು, ಅಪ್ಪ ತೀರಿಕೊಂಡರು, ಊರಿಗೆ ಹೊರಟಿದ್ದೇನೆ ಎಂದಾಗಲೂ "ನೋಡೂಣು, ಸಂಜಿ ಮುಂದ ಬರ್ರಿ" ಎಂದುಬಿಟ್ಟರು. ಆ ಮನುಷ್ಯ ಮತ್ತೆ ಆ ಗಲ್ಲಿಗೆ ಕಾಲಿಡಲಿಲ್ಲ. ಖಾನಾವಳಿಯಲ್ಲಿ ಬಡಿಸುವವನು ಹತ್ತಿರ ಬರುವ ಮೊದಲೇ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಇನ್ನೊಂದು ರೊಟ್ಟಿ ಬೇಕೆನಿಸಿದ್ದರೂ ಹಾಗೆಯೇ. ಅವನು ಏನಾದರೂ ಕೇಳಿ, ತಾನು ಏನಾದರೂ ಹೇಳಿ, ನಾಲ್ಕು ಜನ ತಿರುಗಿ ನೋಡುವುದಕ್ಕಿಂತ ಅರೆಹೊಟ್ಟೆಯೇ ಲೇಸು ಎಂಬ ಲೆಕ್ಕಾಚಾರ. ಹೀಗೆ ಜನ ಅವರೊಡನೆ ಮಾತಾಡುವುದನ್ನೇ ಬಿಟ್ಟಿದ್ದರು. ಅಷ್ಟು ಗಿಜಿಗುಡುವ ಬೈಕುಲ್ಲಾದಲ್ಲಿ ಅಷ್ಟು ಒಂಟಿಯಾಗಿ ಬದುಕಿದವರನ್ನು ನಾನು ಬೇರೆ ಕಂಡಿಲ್ಲ.

ನಮ್ಮ ಪಿಕಪ್ಪಿನ ವಿಷಯ ಹೇಳಬೇಕು. ಹುಟ್ಟಿದಾಗ ಅದು ಪೆಟ್ರೋಲ್ ಗಾಡಿ. ಹೊಟೇಲಿನ ಧಣಿ ಅದಕ್ಕೆ ಮೀನುಗಾರರ ಲಾಂಚಿನಿಂದ ಇಳಿಸಿದ ಹಳೆಯ ಡೀಸೆಲ್ ಎಂಜಿನ್ ಕೂರಿಸಿದ್ದರು. ಸ್ಟಾರ್ಟ್ ಮಾಡಿದರೆ ಬಾಗಿಲು, ಗಾಜು, ಸೀಟು, ನನ್ನ ದವಡೆ ಎಲ್ಲವೂ ಅಲ್ಲಾಡುತ್ತಿದ್ದವು. ಗಲ್ಲಿಯ ನಾಯಿಗಳಿಗೂ ಅದರ ಮೇಲೆ ಸಿಟ್ಟು. ಒಂದು ದಿನ ಕ್ಲಚ್ ಸರಿಮಾಡಿಸಿ, ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರಯಲ್ ಹೊರಟಿದ್ದೆ. ಸೇತುವೆ ಹತ್ತುವಾಗ ಟ್ರಕ್ಕೊಂದು ಅಡ್ಡ ಬಂತು. ಅದರ ಡ್ರೈವರನ ವಂಶವನ್ನೆಲ್ಲ ನೆನೆಯುತ್ತ ಬೈದೆ. ಪಕ್ಕದಲ್ಲಿ ಮಿಸ್ತ್ರಿ ನಕ್ಕರು.

"ಇಷ್ಟ ಒದರಬ್ಯಾಡ್ರಿ ಶೆಟ್ರ. ಇದರಾಗ ನನಗ ಕೇಳಸ್ತೈತಿ."

ನನಗೆ ನಂಬಿಕೆಯಾಗಲಿಲ್ಲ. ಅವರ ಊಟದ ಬಗ್ಗೆ, ಮಗಳ ಬಗ್ಗೆ, ಏನೇನೋ ಕೇಳಿದೆ. ಎಲ್ಲಕ್ಕೂ ನೆಟ್ಟಗೆ ಉತ್ತರ ಬಂತು. ಅವರ ತರಹದ ಕಿವಿ ಹಾಗೆಯೇ, ಗದ್ದಲದ ನಡುವೆ ಮಾತು ಹೆಚ್ಚು ಸ್ಪಷ್ಟವಾಗುತ್ತದೆ ಎಂದು ಡಾಕ್ಟರೊಬ್ಬರು ಹಿಂದೆ ಹೇಳಿದ್ದರಂತೆ. "ಲೋಕಲ್ಲಿನ್ಯಾಗೂ ಕೇಳಸ್ತೈತ್ರಿ. ಆದ್ರ ಅಲ್ಲಿ ನನ್ನ ಕೂಡ ಯಾರ್ ಮಾತಾಡ್ತಾರ?" ಎಂದರು.

ಅಂದಿನಿಂದ ನಮ್ಮ ಗಾಡಿಗೆ ಟ್ರಯಲ್ ಬೇಕಾಗುವ ಕಾಯಿಲೆಗಳು ಹೆಚ್ಚಿದವು. ವಾರಕ್ಕೊಮ್ಮೆಯಾದರೂ ಮಿಸ್ತ್ರಿ ಗ್ಯಾರೇಜಿಗೆ ಬೀಗ ಹಾಕಿ, ಮೂಟೆಗಳ ಜೊತೆ ಅಂಧೇರಿಯವರೆಗೆ ಬಂದು ಲೋಕಲ್ಲಿನಲ್ಲಿ ಹಿಂದಿರುಗುವರು. ದಾರಿಯುದ್ದಕ್ಕೂ ಮಾತು. ಕೂಡಿಟ್ಟ ಮಾತೆಲ್ಲ ಹೊರಗೆ ಬರುತ್ತಿತ್ತು. ಸಿನಿಮಾಗಳಲ್ಲಿ ಈಗ ಎಂಥ ಹಾಡು ಬಂದಿವೆ ಎಂದು ನನ್ನಿಂದ ಹಾಡಿಸುತ್ತಿದ್ದರು; ನನ್ನ ಹಾಡನ್ನು ಮೆಚ್ಚಿದವರು ಜಗತ್ತಿನಲ್ಲಿ ಅವರೊಬ್ಬರೇ. ಒಮ್ಮೆ ಮಾಹಿಮ್ ಹತ್ತಿರ, ಊರಿಗೆ ಹೋಗಿಬಂದ ಮರುದಿನ, "ಮಮ್ಮಗಳು ಭಾಳ ಮಾತಾಡ್ತಾಳಂತ್ರಿ. ನನಗ ಬರೇ ಬಾಯಿ ಆಡೂದು ಕಾಣ್ತೈತಿ" ಎಂದರು. ನನಗೂ ಮಾತಿಗೆ ಬೇರೆ ಯಾರಿದ್ದರು? ಹೊಟೇಲಿನಲ್ಲಿ ಬೆಳಗಿನಿಂದ ಎಲ್ಲರೂ ಆರ್ಡರ್ ಕೂಗುವವರೇ. ಆ ಗಡಗಡ ಗಾಡಿಯೇ ನಮ್ಮಿಬ್ಬರ ಕಟ್ಟೆಯಾಗಿತ್ತು.

ಹೀಗಿರುವಾಗ ಧಣಿಗೆ ನಾಸಿಕದಿಂದಲೇ ನೇರವಾಗಿ ತರಕಾರಿ ತರಿಸುವ ಯೋಚನೆ ಬಂತು. ಅಂದರೆ ಕಸಾರಾ ಘಾಟು. ಇದ್ದ ಸ್ಥಿತಿಯಲ್ಲಿ ಗಾಡಿ ಆ ಘಾಟಿಗೆ ಆಗುವಂತಿರಲಿಲ್ಲ. ಎರಡು ದಾರಿಯಿತ್ತು. ಹಳೆಯ ಎಂಜಿನ್ ಉಳಿಸಿಕೊಂಡು, ಮೂರು ಗೇರಿನ ಪೆಟ್ಟಿಗೆ ತೆಗೆದು ನಾಲ್ಕು ಗೇರಿನದು ಹಾಕುವುದು ಒಂದು. ಗೇರ್‌ಬಾಕ್ಸ್ ಹಾಗೆಯೇ ಬಿಟ್ಟು, ಅಪಘಾತವಾದ ವ್ಯಾನಿನಿಂದ ಸಿಕ್ಕ ನಾಲ್ಕು ಸಿಲಿಂಡರಿನ ಒಳ್ಳೆಯ ಎಂಜಿನ್ ಕೂರಿಸುವುದು ಇನ್ನೊಂದು. ಆ ಎಂಜಿನ್ ಓಡುವುದನ್ನು ನಾನು ಗ್ಯಾರೇಜಿನಲ್ಲೇ ನೋಡಿದ್ದೆ. ಹೊಲಿಗೆ ಯಂತ್ರದಷ್ಟೂ ಸದ್ದಿಲ್ಲ. ಧಣಿ, "ಮಿಸ್ತ್ರಿ ಎಂತ ಹೇಳ್ತಾರೋ ಅದೇ" ಎಂದುಬಿಟ್ಟರು.

ಗೇರ್‌ಬಾಕ್ಸೇ ಆಗಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ.

ಮಿಸ್ತ್ರಿ ತಟ್ಟನೆ ಹೇಳುವವರಲ್ಲ. ಬಟಾಟೆ ಮೂಟೆ ತುಂಬಿಸಿ, ಒಂದು ಭಾನುವಾರ ನನ್ನನ್ನು ಘಾಟಿಗೆ ಕರೆದೊಯ್ದರು. ಹತ್ತುವಾಗ ಗಾಡಿ ಏದುಸಿರು ಬಿಟ್ಟರೂ ಹೇಗೋ ಹತ್ತಿತು. ಇಳಿಯುವಾಗ ಬ್ರೇಕಿನಿಂದ ಕಾಲು ತೆಗೆಯಿರಿ, ಗೇರಿನ ಮೇಲೆಯೇ ಇಳಿಯಲಿ ಎಂದರು. ತೆಗೆದೆ. ಗಾಡಿ ನಿಧಾನವಾಗುವ ಬದಲು ಜಾರತೊಡಗಿತು. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಕೆಳಗೆ ಬಂದು ರಸ್ತೆಯಂಚಿಗೆ ನಿಲ್ಲಿಸಿದಾಗ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ನಾನು ಎಂಜಿನ್ ಆರಿಸಲಿಲ್ಲ.

"ಎಂಜಿನ್ ಬದಲಿ ಮಾಡಬೇಕ್ರಿ" ಎಂದರು.

"ಗೇರ್‌ಬಾಕ್ಸ್ ಹಾಕಿದರೆ ಸಾಲದಾ ಮಿಸ್ತ್ರಿಯವರೇ?"

"ಹತ್ತಾಕ ಸಾಲ್ತೈತಿ. ನೀವು ನಾಸಿಕ್‌ಗೆ ಹೋಗೂದು ಖಾಲಿ, ಬರೂದು ತುಂಬಿ. ತುಂಬಿದ ಗಾಡಿ ಘಾಟ್ ಇಳೀಬೇಕು. ಗೇರ್ ಎಷ್ಟ ಚಲೋ ಇದ್ರೂ ಹಿಡಿಯೂದು ಎಂಜಿನ್ನ. ಇದಕ್ಕ ದಮ್ ಉಳಿದಿಲ್ಲ."

"ಆ ಎಂಜಿನ್ ಹಾಕಿದರೆ ನಿಮಗೆ ಇದರಲ್ಲಿ ಕೇಳಿಸುವುದಿಲ್ಲ."

"ಗೊತ್ತೈತಿ."

"ಮತ್ತೆ?"

ಅವರು ಕಿಟಕಿಯ ಕಡೆ ತಿರುಗಿ ಕೂತರು. "ನನ್ನ ಮಾತಿನ ಸಲುವಾಗಿ ನಿಮ್ಮನ್ನ ಘಾಟಿನ್ಯಾಗ ಬಿಡಾಕ ಬರ್ತೈತೇನ್ರಿ?" ಎಂದರು. ನನಗೆ ಅಳು ಬಂತು. ಆ ಅಲುಗಾಟದಲ್ಲಿ ಅದು ಅವರಿಗೆ ತಿಳಿದಿರಲಾರದು.

ಹೊಸ ಎಂಜಿನ್ನನ್ನು ತಾವೇ ಕೂರಿಸಿದರು. ಅಷ್ಟು ನಿಧಾನವಾಗಿ ಅವರು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಮುಗಿದ ದಿನ ಅಂಧೇರಿಯವರೆಗೆ ಜೊತೆಗೆ ಬಂದರು. ನಾನು ಗಂಟಲು ಹರಿಯುವಂತೆ ಕೂಗಿ ಮಾತಾಡಿದೆ. ದಾದರಿನ ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರೆಲ್ಲ ನಮ್ಮತ್ತ ನೋಡಿದರು. ಮಿಸ್ತ್ರಿ ನನ್ನ ತೊಡೆಯ ಮೇಲೆ ಕೈಯಿಟ್ಟು ಬೇಡವೆಂದು ತಲೆಯಾಡಿಸಿದರು. ಮುಂದಿನ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಕಳಚಿದ ಹಳೆಯ ಎಂಜಿನ್ ಗ್ಯಾರೇಜಿನ ಮೂಲೆಯಲ್ಲೇ ಕೂತಿತ್ತು. ಗುಜರಿಗೆ ಹಾಕಿರೆಂದು ಧಣಿ ಹೇಳಿದ್ದರು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಹೋದಾಗ ಅದನ್ನು ಹುಬ್ಬಳ್ಳಿಯ ಲಾರಿಗೆ ಏರಿಸುತ್ತಿದ್ದರು. ಧಣಿಯ ಹತ್ತಿರ ಕೇಳಿಕೊಂಡಿದ್ದರಂತೆ. ತಗಡಿನ ಮಾಡಿನ ಕೆಳಗೆ ಏನೂ ಉಳಿದಿರಲಿಲ್ಲ, ಹಾಸಿಗೆಯೂ ಇರಲಿಲ್ಲ. ಲಾರಿ ಸ್ಟಾರ್ಟಾದ ಮೇಲೆ ಮಿಸ್ತ್ರಿ ನನ್ನನ್ನು ಮೇಲೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅಳಿಯ ಹಿಟ್ಟಿನ ಗಿರಣಿ ಇಡತಾನ್ರಿ. ಇದು ಘಾಟ್ ಇಳಿಯಾಕ ಬರೂದಿಲ್ಲ, ಜ್ವಾಳ ಬೀಸಾಕ ಬರ್ತೈತಿ. ಗಿರಣ್ಯಾಗ ಕುಂದರ್ತೀನಿ. ಮಮ್ಮಗಳು ಅಲ್ಲೇ ಬಂದು ಮಾತಾಡ್ಲಿ."

ಮುಖದ ತುಂಬ ನಗುವಿತ್ತು. ಆ ಹುಡುಗಿಯ ದನಿಯನ್ನು ಅವರು ಅದುವರೆಗೆ ಕೇಳಿರಲಿಲ್ಲ. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು ಎಂದರೆ ಸುಳ್ಳಲ್ಲ. "ಘಾಟ್ ಇಳಿವಾಗ ಹಿಡೀತೈತೇನ್ರಿ ಗಾಡಿ?" ಎಂದು ಕೇಳಿದರು. ಹಿಡಿಯುತ್ತದೆ ಎಂದೆ. ಲಾರಿಯ ಡ್ರೈವರ್ ಇಳಿಯಿರಿ ಎಂದ. ಇಳಿದೆ.

ಮತ್ತೆ ಅವರನ್ನು ನೋಡಲಿಲ್ಲ. ನಾಸಿಕದಿಂದ ಮೂಟೆ ತುಂಬಿಕೊಂಡು ಕಸಾರಾ ಇಳಿಯುವಾಗಲೆಲ್ಲ ಅವರು ಕೂರಿಸಿದ ಹೊಸ ಎಂಜಿನ್ ಗಾಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನನ್ನ ಕಾಲು ಬ್ರೇಕಿಗೆ ಹೋಗುವುದೇ ಇಲ್ಲ. ಆ ಕ್ಯಾಬಿನ್ನಿನಲ್ಲಿ ಈಗ ಪಿಸುಮಾತೂ ಕೇಳಿಸುತ್ತದೆ. ಆಡುವವರಿಲ್ಲ.