ಸ್ಟೂಲು ಎಳೆದವಳು ನಾನು

ನಿನ್ನ ಬೆನ್ನಿನ ಬುಡದ ಮೂಳೆ ಮುರಿದದ್ದು ನಿನ್ನ ಅವಸರದಿಂದಲ್ಲ, ಗಿರಿಜಾ — ನೀನು ಕೂರುವ ಹೊತ್ತಿಗೆ ಸರಿಯಾಗಿ ಸ್ಟೂಲನ್ನು ಹಿಂದಕ್ಕೆ ಎಳೆದವಳು ನಾನು. ನಿನ್ನ ಅಕ್ಕ.

ಹರಿಹರದ ಮನೆ. ನನಗೆ ಹದಿನಾರು, ನಿನಗೆ ಹದಿಮೂರು. ನಗಬೇಕೆಂದು ಮಾಡಿದ್ದು. ನೀನು ನೆಲಕ್ಕೆ ಬಿದ್ದು ಉಸಿರು ಹಿಡಿದುಕೊಂಡಾಗ ಅವ್ವ ಓಡಿಬಂದಳು. ಅಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತ್ತು: "ನೋಡ್ಕೊಂಡು ಕೂಡಬಾರ್ದೇನೆ?" ಅವ್ವ ನಿನ್ನನ್ನೇ ಬೈದಳು. ನೀನೂ ನಂಬಿದೆ. ಅದೇ — ನೀನು ನಂಬಿದ್ದೇ...

ತೊಂಬತ್ತೆಂಟರಲ್ಲಿ ನೀನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದೆ. ಡಾಕ್ಟರಿಗೆ ತೋರಿಸಲು ದಾವಣಗೆರೆಗೆ ಹೋಗುವಾಗ ಬಸ್ಸಿನಲ್ಲಿ ಒಂದೇ ಮಗ್ಗುಲಿಗೆ ವಾಲಿ ಕೂರುತ್ತಿದ್ದವಳು ನೀನು. "ಹಳೇ ಪೆಟ್ಟು ಐತೆ. ಆದ್ರೂ ನಾರ್ಮಲ್ ಆಗಬಹುದು, ನೋಡೋಣ" ಎಂದರು ಡಾಕ್ಟರಮ್ಮ. ನೀನು ಹಿಗ್ಗಿದೆ, ನಾನು ರೇಗಿದೆ. "ಹಟ ಬ್ಯಾಡ, ಸುಮ್ನೆ ಆಪರೇಷನ್ ಮಾಡಿಸ್ಕೊ" — ದಿನಕ್ಕೆ ಹತ್ತು ಸಲ. "ನಮ್ಮನ್ಯಾಗೆ ಯಾರೂ ಕೊಯ್ಸಿಕೊಂಡಿಲ್ಲ" ಎಂದ ನಿನ್ನ ಅತ್ತೆಯ ಮೇಲೂ ರೇಗಿದೆ. ಎಲ್ಲರೂ ಅದನ್ನು ಅಕ್ಕರೆ ಎಂದುಕೊಂಡರು. ಎಂಥ ಅಕ್ಕರೆ! ಹೆರಿಗೆಯಲ್ಲಿ ಆ ಮೂಳೆ ಮತ್ತೆ ಮುರಿದರೆ ಎರಡನೇ ಸಲವೂ ಮುರಿದವಳು ನಾನೇ ಆಗುತ್ತೇನೆಂಬ ಹೆದರಿಕೆ, ಅಷ್ಟೇ.

ಹೆರಿಗೆಯ ದಿನ ಅಂಗಾತ ಮಲಗಲಾರದೆ ನೀನು ಚೀರಿದೆ. ಡಾಕ್ಟರಮ್ಮ ನಿನ್ನನ್ನು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಎತ್ತಿ ಹಿಡಿಯಲು ನನಗೆ ಹೇಳಿದರು. ಹಿಡಿದೆ. "ಅಕ್ಕಾ, ಬಿಡಬ್ಯಾಡ" ಅಂದೆ ನೀನು. ಮಧ್ಯಾಹ್ನದ ಹೊತ್ತಿಗೆ ಮಗಳು ಹುಟ್ಟಿದಳು — ಆಪರೇಷನ್ ಇಲ್ಲದೆ, ನೀನು ಬಯಸಿದ ಹಾಗೆಯೇ.

ಆದರೆ ಹಳೇ ನೋವು ಮರುಕಳಿಸಿತು. ಮೂರು ತಿಂಗಳು ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ನೀನು ಮಗುವಿಗೆ ಹಾಲೂಡಿಸಿದೆ. ನೋಡಲು ಬಂದ ಹೆಂಗಸರಿಗೆಲ್ಲ ನೀನು ಹೇಳುತ್ತಿದ್ದೆ: "ಸಣ್ಣಾಕಿದ್ದಾಗ ನೋಡ್ದೆ ಕೂತು ಬಿದ್ದಿದ್ದೆ. ನಂದೇ ತಪ್ಪು. ಅಕ್ಕ ಇದ್ದಿದ್ಕೆ ಹಡೆದೆ ನೋಡ್ರಿ." ನಾನು ಒಳಗೆ ಬಾಣಂತಿ ಖಾರ ಕುಟ್ಟುತ್ತಿದ್ದೆ. ಎದ್ದು ಬಂದು ಒಂದೇ ಒಂದು ಮಾತು ಹೇಳಬಹುದಿತ್ತು. ಕುಟ್ಟುವುದನ್ನು ಜೋರು ಮಾಡಿದೆ. ನನಗೆ ನಾನೇ ಸಾಕಾಗಿಹೋಗಿದ್ದೇನೆ, ಗಿರಿಜಾ.

ಮೊನ್ನೆಯೂ ಮಗಳಿಗೆ ನೀನು, "ನನ್ನಂಗೆ ಕಣ್ಣು ಮುಚ್ಕೊಂಡು ಕೂಡಬ್ಯಾಡ" ಅಂದೆ. ಸಾಕು. ಈ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ನಿನ್ನ ಮಗಳ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಇಷ್ಟು ವರ್ಷ ನಿನ್ನನ್ನು ನೀನೇ ಬೈದುಕೊಂಡೆಯಲ್ಲ — ಆ ಬೈಗುಳವೆಲ್ಲ ನನ್ನದು. ನನಗೆ ಕೊಡು.